ಇಪ್ಪತ್ಮೂರು ವರ್ಷ ಕಾದಂಬರಿ ಬರೆಯದ ಕಾದಂಬರಿಕಾರ

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೋಗುವಾಗ, ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಒಂದೊಂದಾಗಿ ಹಿಂದೆ ಸರಿದು, ಎರೆಹೊಲವೂ ಬೋಳು ಕಲ್ಲುಗುಡ್ಡವೂ ಎದುರಾಗತೊಡಗಿದೊಡನೆ, ಕಾಲುವೆ ಕಾಣದ ಹಳೆಯ ದೋಆಬು ಹೇಗಿದ್ದೀತೆಂಬುದು ಅರೆಗಳಿಗೆಯಲ್ಲಿ ಮನಸ್ಸಿಗೆ ಹೊಳೆಯುತ್ತದೆ. ಆ ಹಳೆಯ ಸೀಮೆಯನ್ನು ಕಥಾವಸ್ತುವಾಗಿ ಕಂಡವನು ನಮ್ಮವನಲ್ಲ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿ, ಹದಿನೈದರ ಪ್ರಾಯದಲ್ಲಿಯೇ ಮುಂಬಯಿಯ ವರ್ತಕನೊಬ್ಬನ ಕೈಕೆಳಗೆ ದುಡಿಯಲು ಹಡಗು ಹತ್ತಿ ಬಂದು, ನಿಜಾಮನ ಸೈನ್ಯವನ್ನು ಸೇರಿದ ಫಿಲಿಪ್ ಮೆಡೋಸ್ ಟೇಲರ್.

1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟವಾದಾಗ ವಿಕ್ಟೋರಿಯಾ ರಾಣಿಯೇ ಅದರ ಅಚ್ಚಿನ ಹಾಳೆಗಳನ್ನು ತರಿಸಿ ಓದಿದಳೆಂಬುದು ಪ್ರಸಿದ್ಧ. ಮರುವರ್ಷವೇ ಟಿಪ್ಪುವನ್ನು ಕುರಿತ ಕಾದಂಬರಿ ಬಂತು. ಅಲ್ಲಿಂದ ಮುಂದಣ ಕಾದಂಬರಿ ‘ತಾರಾ’ ಬೆಳಕು ಕಂಡದ್ದು 1863ರಲ್ಲಿ! ಲೇಖಕನೆಂದರೆ ಮುಂಜಾನೆದ್ದು ಇಷ್ಟು ಪುಟವೆಂದು ಬರೆದು ಮುಗಿಸುವವನೆಂದು ಬಗೆದಿರುವ ನಮ್ಮ ತರುಣರು ಈ ಇಪ್ಪತ್ಮೂರು ವರ್ಷಗಳ ಅಂತರವನ್ನು ತುಸು ನಿಂತು ನೋಡಬೇಕು.

ಆ ಅವಧಿಯ ಬಹುಭಾಗವನ್ನು ಟೇಲರ್ ಕಳೆದದ್ದು ಲಿಂಗಸುಗೂರಿಗೆ ಹೊಳೆಯಾಚೆಯ ಸುರಪುರದಲ್ಲಿ, ಎಳೆಯ ದೊರೆ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನಡೆಸುತ್ತ. ಕಂದಾಯದ ಲೆಕ್ಕ, ಬೇಡರ ಪಡೆಯ ತಂಟೆ, ರಾಜಮಾತೆ ಈಶ್ವರಮ್ಮನೊಡನೆ ಜಗಳ, ಬೋನಾಳ ಕೆರೆಯ ಜೀರ್ಣೋದ್ಧಾರ: ಇವೇ ಅವನ ದಿನಚರಿ. ಇಷ್ಟರ ಮೇಲೆ ಹೆಚ್ಚುಕಡಿಮೆ 1840ರಿಂದ 1853ರವರೆಗೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಹಿಂದೂಸ್ಥಾನದ ಸುದ್ದಿ ಬರೆದು ಕಳುಹಿಸುವ ಕೆಲಸ ಬೇರೆ. ಜನರು ಅವನನ್ನು ‘ಮಹಾದೇವ ಬಾಬಾ’ ಎನ್ನುತ್ತಿದ್ದರು. ಬಾಲಕ ದೊರೆಯು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಆದರೆ ಆತನು ಸರ್ಕಾರದ ಮನುಷ್ಯನೆಂಬುದನ್ನು ಮರೆಯಲಾಗದು. 1858ರಲ್ಲಿ ಆ ‘ಮಗ’ನು ತಿರುಗಿಬಿದ್ದಾಗ ಲಿಂಗಸುಗೂರಿನ ದಂಡು ಸುರಪುರದ ಮೇಲೆ ಹೋಯಿತು, ಸೆರೆಸಿಕ್ಕ ದೊರೆಯು ಬಂದೀಖಾನೆಗೆ ಒಯ್ಯುವ ದಾರಿಯಲ್ಲಿಯೇ ಗುಂಡಿಗೆ ಬಲಿಯಾದನು. ಟೇಲರನ ಆತ್ಮಕಥೆಯಲ್ಲಿ ಈ ಭಾಗವನ್ನು ಓದುವಾಗ ಬರೆದವನು ಅಧಿಕಾರಿಯೋ ತಂದೆಯೋ ಎಂದು ನನಗೆ ಇಂದಿಗೂ ತಿಳಿಯದು.

ಇನ್ನು ಬಿಡುವಿನ ವೇಳೆ. ಗುಡ್ಡದ ಮೇಲೆ ಕಟ್ಟಿಸಿದ ‘ಟೇಲರ್ ಮಂಜಿಲ್’ನಿಂದ ಇಳಿದು ಆತನು ಎರಡು ಹವ್ಯಾಸಗಳ ಬೆನ್ನು ಹತ್ತುತ್ತಿದ್ದನು: ಚಿತ್ರ ಬರೆಯುವುದು, ಗೋರಿ ಅಗೆಯುವುದು. ಗೋರಿಯೆಂದರೆ ಇತಿಹಾಸಪೂರ್ವ ಕಾಲದ ಕಲ್ಲುವೃತ್ತಗಳು, ಕಲ್ಮನೆಗಳು. ರಾಜನಕೋಳೂರಿನಲ್ಲಿ ನಿಂತ ಆ ಭಾರಿ ಕಲ್ಮನೆಗಳನ್ನು ಕಂಡವರಿಗೆ ಗೊತ್ತು: ನಾಲ್ಕು ಬಂಡೆ ಗೋಡೆಯಾಗಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತಾರೆ, ಬಗ್ಗಿ ಕೈಯಿಟ್ಟರೆ ಒಳಗಿನ ತಂಪು ಬೆರಳಿಗೆ ತಾಕುತ್ತದೆ. ಊರವರು ಅವನ್ನು ಮೋರಿಯರ ಮನೆಗಳೆನ್ನುತ್ತಾರೆ. ಟೇಲರ್ ಇಂಥವನ್ನು ಅಳೆದು, ಬರೆದು, ಭೀಮೆಯ ಕಡೆ ಜೇವರ್ಗಿಯಲ್ಲಿ ಅಗೆಸಿ, ಯೂರೋಪಿನ ಅಂಥವೇ ಗೋರಿಗಳೊಡನೆ ಹೋಲಿಸಿ ಲೇಖನಗಳನ್ನು ಪ್ರಕಟಿಸಿದನು. ಇಷ್ಟು ಕಲ್ಲು ಶೋಧಿಸಿದವನಿಗೂ ನಮ್ಮ ಮಸ್ಕಿಯ ಬಂಡೆ ದಕ್ಕಲಿಲ್ಲ. ಅಶೋಕನ ಹೆಸರನ್ನೇ ನುಡಿಯುವ ಆ ಶಾಸನ ಗಣಿ ಇಂಜಿನಿಯರ್ ಬೀಡನ್ನನ ಕಣ್ಣಿಗೆ ಬೀಳಲು 1915 ಬರಬೇಕಾಯಿತು.

ಇದೆಲ್ಲ ವ್ಯರ್ಥ ಕಾಲಹರಣವಾಯಿತೇ? ನಾನು ಹಾಗೆಣಿಸುವುದಿಲ್ಲ. ಆರೋಗ್ಯ ಕೆಟ್ಟು 1860ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಸರಸರನೆ ಬಂದ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ಗಳು 1657, 1757, 1857 ಎಂಬ ಮೂರು ಇಸವಿಗಳ ಸುತ್ತ ಹೆಣೆದವು, ಕಚೇರಿಯಲ್ಲಿ ಕಂಡ ಮುಖಗಳೂ ಹೊಳೆದಂಡೆಯಲ್ಲಿ ಬಿಡಿಸಿದ ಚಿತ್ರಗಳೂ ಅವುಗಳ ಬೆನ್ನಿಗಿವೆ. ಕಡೆಯ ‘ಎ ನೋಬಲ್ ಕ್ವೀನ್’ ಚಾಂದಬೀಬಿಯ ಕಥೆ. ಆದರೆ ನನ್ನ ಮೆಚ್ಚಿಗೆಯೆಲ್ಲ ಅದರ ಆರಂಭಕ್ಕೆ. ಅಲ್ಲಿ ಲಿಂಗಸುಗೂರಿನ ನಮ್ಮ ಜಲದುರ್ಗವಿದೆ, ಕೃಷ್ಣೆಯಿದೆ, ಬೇಡ ನಾಯಕನಿದ್ದಾನೆ, ವೃದ್ಧ ಸೂಫಿಯೊಬ್ಬನ ಮೊಮ್ಮಗಳು ಜೋರಾ ಇದ್ದಾಳೆ. ರಾಣಿಯ ದರ್ಬಾರಿನ ಅಧ್ಯಾಯಗಳು ಎಷ್ಟು ಹಿಗ್ಗಿದರೂ ಈ ನದೀತೀರದ ಪುಟಗಳ ಜೀವಂತಿಕೆ ಅವಕ್ಕಿಲ್ಲ.

ಅದು ಪುಸ್ತಕವಾಗಿ ಬಂದದ್ದು 1878ರಲ್ಲಿ. ಅಷ್ಟರಲ್ಲಿ ಟೇಲರ್ ಮತ್ತೊಮ್ಮೆ ಹೈದರಾಬಾದಿಗೆ ಬಂದು, ದೃಷ್ಟಿ ಕಳೆದುಕೊಂಡು, ಹಿಂದಿರುಗುವಾಗ ಫ್ರಾನ್ಸಿನ ಮೆಂಟನ್ನಿನಲ್ಲಿ 1876ರ ಮೇ 13ರಂದು ತೀರಿಕೊಂಡಿದ್ದನು.

ದೀಪಾವಳಿ ಕಳೆದು ಹೊಳೆಯಿಳಿದ ಮೇಲೆ ಜಲದುರ್ಗಕ್ಕೆ ಹೋಗುವವರು ಆ ಮೊದಲ ಅಧ್ಯಾಯಗಳನ್ನು ಓದಿಕೊಂಡು ಹೋಗಲಿ. ನಮ್ಮ ಕತೆಗಾರರಲ್ಲಿ ಯಾರಾದರೂ ಅವನ್ನು ಈ ಸೀಮೆಯ ಮಾತಿನಲ್ಲಿ ಬರೆದುಕೊಟ್ಟರೆ, ಸಿಂಧನೂರಿನ ಸೋನಾಮಸೂರಿ ಒಂದು ಚೀಲ ಅವರ ಮನೆಗೆ ಮುಟ್ಟಿಸುವ ಹೊಣೆ ನನ್ನದು.