ಏಕಕಾಲದ ಪದಪಲ್ಲಟ

ಹಿಂದಿನ ಕಾಲದ ಲಿಪಿಕಾರನು ಓಲೆಗರಿಯ ಗ್ರಂಥವನ್ನು ಪ್ರತಿಮಾಡುವಾಗ ಮೂಲವನ್ನು ಎದುರಿಗಿಟ್ಟುಕೊಂಡು ಬೇರೆ ಗರಿಗಳ ಮೇಲೆ ಬರೆಯುತ್ತಿದ್ದನು. ಅವನ ದೃಷ್ಟಿಯು ಮೂಲದ ಮೇಲೆ ಮೊದಲಿನಿಂದ ಕೊನೆಯವರೆಗೆ ಸಾಗುತ್ತಿತ್ತು. ಮೂಲವು ಮಾತ್ರ ಇದ್ದಂತೆಯೇ ಇರುತ್ತಿತ್ತು. ಸರಳವಾಗಿ ತೋರುವ ಈ ಕ್ರಮದಲ್ಲಿ ಇಂದಿನ ಗಣಕಯಂತ್ರವೂ ಪಾಲಿಸಬೇಕಾದ ತತ್ತ್ವವೊಂದು ಅಡಗಿದೆ.

ಪಾಂಡವರ ಕಥೆಯುಳ್ಳ ನಾಟಕವೊಂದನ್ನು ಗಣಕದಲ್ಲಿ ಬರೆದಿಡಲಾಗಿದೆಯೆಂದೂ, ಅದರಲ್ಲಿ ನಕುಲ, ಸಹದೇವ ಎಂಬ ಹೆಸರುಗಳು ಅದಲುಬದಲಾಗಿವೆಯೆಂದೂ ಭಾವಿಸಬಹುದು. ತಿದ್ದುವವನು ಮೊದಲು ‘ನಕುಲ’ ಎಂದಿರುವಲ್ಲೆಲ್ಲ ‘ಸಹದೇವ’ ಎಂದು ಬದಲಿಸುತ್ತಾನೆ. ಆಗ ನಾಟಕದಲ್ಲಿ ಸಹದೇವನೊಬ್ಬನೇ ಉಳಿಯುತ್ತಾನೆ. ಬಳಿಕ ‘ಸಹದೇವ’ ಎಂಬುದನ್ನು ‘ನಕುಲ’ ಎಂದು ಬದಲಿಸಿದರೆ ಎಲ್ಲ ಮಾತುಗಳೂ ನಕುಲನವಾಗುತ್ತವೆ. ಯಾವ ಮಾತು ಯಾರದೆಂಬ ತಿಳಿವಳಿಕೆಯೇ ಅಳಿಸಿಹೋಗುತ್ತದೆ. ಮೂಲಪ್ರತಿ ಬೇರೆ ಇಲ್ಲದಿದ್ದರೆ ಅದನ್ನು ಮರಳಿ ಪಡೆಯುವುದು ಸಾಧ್ಯವಿಲ್ಲ.

ಎರಡು ಲೋಟಗಳಲ್ಲಿರುವ ಹಾಲು ನೀರುಗಳನ್ನು ಅದಲುಬದಲು ಮಾಡಲು ಮೂರನೆಯ ಲೋಟವು ಬೇಕು. ಅಂತೆಯೇ ‘ನಕುಲ’ ಎಂಬುದಕ್ಕೆ ಬದಲಾಗಿ ತಾತ್ಕಾಲಿಕ ಗುರುತೊಂದನ್ನಿಟ್ಟು ಈ ತೊಡಕನ್ನು ನಿವಾರಿಸಬಹುದು. ಆದರೆ ಆ ಗುರುತು ಬರಹದಲ್ಲಿ ಮೊದಲೇ ಇದ್ದರೆ ಹೊಸ ಗೊಂದಲವುಂಟಾಗುತ್ತದೆ. ಹೆಸರುಗಳು ಹೆಚ್ಚಿದಂತೆ ಗುರುತುಗಳೂ ಹೆಚ್ಚುತ್ತವೆ.

ಇದಕ್ಕಿಂತ ಉತ್ತಮವಾದ ಉಪಾಯವು ರೆಗ್ಯುಲರ್ ಎಕ್ಸ್‌ಪ್ರೆಷನ್‌ಗಳಿಂದ ದೊರೆಯುತ್ತದೆ. ಹುಡುಕಬೇಕಾದ ಅಕ್ಷರಸರಣಿಯ ಸ್ವರೂಪವನ್ನು ಸಂಕೇತಗಳಿಂದ ಸೂಚಿಸುವ ಸೂತ್ರಕ್ಕೆ ಈ ಹೆಸರು. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೇನಿಯವರು 1956ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಗಣಿತರೂಪವಿದೆ. 1968ರಲ್ಲಿ ಕೆನ್ ಥಾಂಪ್ಸನ್ ಅವರು ಅದನ್ನು ಬರಹದೊಳಗಿನ ಹುಡುಕಾಟಕ್ಕೆ ಬಳಸುವ ವಿಧಾನವನ್ನು ವಿವರಿಸಿದರು.

‘ನಕುಲ’ ಮತ್ತು ‘ಸಹದೇವ’ ಎಂಬ ಪದಗಳ ನಡುವೆ ಒಂದು ನೆಟ್ಟಗೆರೆಯನ್ನಿಟ್ಟರೆ ‘ಇದು ಅಥವಾ ಅದು’ ಎಂಬ ಅರ್ಥದ ಸೂತ್ರವಾಗುತ್ತದೆ. ಯಾವುದಕ್ಕೆ ಯಾವುದು ಬದಲಿ ಎಂಬ ಪಟ್ಟಿಯನ್ನೂ ಗಣಕಕ್ಕೆ ಒದಗಿಸಲಾಗುತ್ತದೆ. ಅದು ಮೂಲವನ್ನು ಒಮ್ಮೆ ಮಾತ್ರ ಓದುತ್ತ, ಎರಡರಲ್ಲಿ ಯಾವ ಪದವು ಎದುರಾದರೂ ಪಟ್ಟಿಯನ್ನು ನೋಡಿ ಅದರ ಬದಲಿಯನ್ನು ಹೊಸ ಪ್ರತಿಯಲ್ಲಿ ಬರೆಯುತ್ತದೆ. ಬರೆದುದನ್ನು ಮತ್ತೆ ಶೋಧಿಸುವುದಿಲ್ಲ. ಲಿಪಿಕಾರನ ಕ್ರಮವೂ ಇದೇ ಆಗಿತ್ತು.

ಇಲ್ಲಿಯೂ ಎಚ್ಚರವು ಅಗತ್ಯ. ಪಟ್ಟಿಯಲ್ಲಿ ‘ಭೀಮ’, ‘ಭೀಮಸೇನ’ ಎರಡೂ ಇದ್ದರೆ ಉದ್ದವಾದುದನ್ನು ಮೊದಲಿಡಬೇಕು. ಇಲ್ಲವಾದರೆ ಅನೇಕ ಗಣಕಭಾಷೆಗಳಲ್ಲಿ ‘ಭೀಮ’ ಎಂಬ ಭಾಗವಷ್ಟೇ ಬದಲಾಗಿ ‘ಸೇನ’ ಎಂಬುದು ಅನಾಥವಾಗಿ ಉಳಿಯುತ್ತದೆ. ‘ರಾಮ’ ಎಂಬುದನ್ನು ಬದಲಿಸಹೊರಟರೆ ‘ವಿರಾಮ’, ‘ಗ್ರಾಮ’ ಎಂಬ ಪದಗಳೂ ಕೆಡಬಹುದು. ಆದುದರಿಂದ ಪದದ ಎಲ್ಲೆಯನ್ನೂ ಸೂತ್ರದಲ್ಲಿ ಸೂಚಿಸಬೇಕು.

ಈ ತತ್ತ್ವವು ನಾಟಕದ ಹೆಸರುಗಳಿಗಷ್ಟೇ ಸೀಮಿತವಲ್ಲ. ಜೀವಕೋಶದಲ್ಲಿರುವ ಡಿಎನ್‌ಎಯ ಎರಡು ಎಳೆಗಳಲ್ಲಿ ಅಡೆನಿನ್‌ಗೆ ಥೈಮಿನ್, ಗ್ವಾನಿನ್‌ಗೆ ಸೈಟೋಸಿನ್ ಜೊತೆಯಾಗಿರುತ್ತದೆ. ವಿಜ್ಞಾನಿಗಳು ಇವನ್ನು ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ. ಒಂದು ಎಳೆಯಲ್ಲಿ ಎ-ಟಿ-ಜಿ-ಸಿ ಎಂದಿದ್ದರೆ ಅದರ ಎದುರಿಗೆ ಟಿ-ಎ-ಸಿ-ಜಿ ಎಂದಿರಬೇಕು. ಎ ಇರುವಲ್ಲಿ ಟಿ, ಟಿ ಇರುವಲ್ಲಿ ಎ, ಜಿ ಇರುವಲ್ಲಿ ಸಿ, ಸಿ ಇರುವಲ್ಲಿ ಜಿ ಎಂದು ಒಂದಾದ ಮೇಲೊಂದರಂತೆ ಬದಲಿಸಿದರೆ ದೊರೆಯುವುದು ಎ-ಎ-ಜಿ-ಜಿ! ನಾಲ್ಕನ್ನೂ ಒಮ್ಮೆಲೇ ಬದಲಿಸಿದಾಗ ಮಾತ್ರ ಸರಿಯಾದ ಉತ್ತರವು ಬರುತ್ತದೆ.

ಗಣಕವು ಹೇಳಿದುದನ್ನು ಕ್ಷಣಾರ್ಧದಲ್ಲಿ ಮಾಡುತ್ತದೆ. ತಪ್ಪನ್ನೂ ಅಷ್ಟೇ ವೇಗದಿಂದ ಮಾಡುತ್ತದೆ. ಮೂಲವನ್ನು ಕಾಪಾಡಿಕೊಂಡು, ಕ್ರಮವನ್ನು ಮೊದಲೇ ಆಲೋಚಿಸುವ ಹೊಣೆಯು ಮನುಷ್ಯನದು.