ಕ್ಷಯಕ್ಕೆ ಕ್ಯಾಂಪಿನ ಬೇಲಿ ಇಲ್ಲ

ಹುಬ್ಬಳ್ಳಿಯಿಂದ ತಡಸದ ಮೇಲೆ ಮುಂಡಗೋಡಕ್ಕೆ ಹೋಗುವ ಬಸ್ಸಿನಲ್ಲಿ ಕೆಂಪು ನಿಲುವಂಗಿಯ ಲಾಮಾಗಳೂ ಸಂತೆ ಮುಗಿಸಿದ ರೈತರೂ ಅಕ್ಕಪಕ್ಕ ಕೂತು ಪ್ರಯಾಣ ಮಾಡುತ್ತಾರೆ. ದಲೈ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ನಿರಾಶ್ರಿತರಿಗೆ ಮೈಸೂರು ರಾಜ್ಯ ಜಾಗ ಕೊಟ್ಟಿತು. 1960ರಲ್ಲಿ ಬೈಲುಕುಪ್ಪೆಯ, 1966ರಲ್ಲಿ ಮುಂಡಗೋಡದ ವಸತಿ ಆರಂಭವಾದವು. ಅಂದಿನಿಂದ ಇದು ನಮ್ಮ ನೆರೆಹೊರೆ.

ಈ ನೆರೆಹೊರೆಯವರನ್ನು ಬಹುಕಾಲದಿಂದ ಕಾಡಿರುವ ರೋಗ ಕ್ಷಯ. ಭಾರತದ ಟಿಬೆಟನ್ನರಲ್ಲಿ ಕ್ಷಯ ಹೆಚ್ಚು, ಔಷಧಿಗೆ ಬಗ್ಗದ ಕ್ಷಯವೂ ಕಂಡುಬಂದಿದೆ. ಹಾಗೆಂದು ಇದು ಒಂದು ಜನಾಂಗದ ರೋಗವಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವುದು ನಮ್ಮ ದೇಶದಲ್ಲೇ. ಮಠ, ಹಾಸ್ಟೆಲುಗಳ ಕಿಕ್ಕಿರಿದ ಕೋಣೆಗಳಲ್ಲಿ ಅದು ಸುಲಭವಾಗಿ ಹರಡುತ್ತದೆ. ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋದಾಗ ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ಅಪಾಯವೂ ಉಂಟು.

ನೆರವು ಯಾರಿಗೆ?

ಜಗತ್ತಿನ ನಿರಾಶ್ರಿತರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಆಶ್ರಯ ಕೊಟ್ಟಿರುವುದು ಶ್ರೀಮಂತ ದೇಶಗಳಲ್ಲ, ಬಡ ಮತ್ತು ಮಧ್ಯಮ ಆದಾಯದ ದೇಶಗಳು. ನೆರವು ಕ್ಯಾಂಪಿಗೆ ಮಾತ್ರ ಬಂದು ಪಕ್ಕದ ಹಳ್ಳಿಗೆ ಬಾರದಿದ್ದರೆ ಎರಡು ನಷ್ಟ. ಒಂದು, ಹಳ್ಳಿಯವರಲ್ಲಿ ಅಸಮಾಧಾನ. ಇನ್ನೊಂದು, ರೋಗ ಹಳ್ಳಿಯಲ್ಲೇ ಉಳಿದು ಮತ್ತೆ ಕ್ಯಾಂಪಿಗೆ ಮರಳುವುದು. 2018ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನಿರಾಶ್ರಿತರ ಜಾಗತಿಕ ಒಡಂಬಡಿಕೆ, ಆಶ್ರಯ ಕೊಟ್ಟ ದೇಶಗಳ ಹೊರೆಯನ್ನು ತಗ್ಗಿಸುವುದೂ ತನ್ನ ಗುರಿ ಎಂದಿತು.

ನಮ್ಮಲ್ಲಿ ಈ ಪಾಠ ಹೊಸದಲ್ಲ. ಟಿಬೆಟನ್ನರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, ಆ ಕೆಲಸ ಮುಗಿದ ಮೇಲೆ 1980ರ ದಶಕದಲ್ಲಿ ಹಳ್ಳಿಗಳ ಬಡವರತ್ತ ತಿರುಗಿತು. ಮುಂಡಗೋಡದ ಟಿಬೆಟನ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಯವರೂ ಹೋಗುತ್ತಾರೆ. ಆದರೆ ಹೊರಗಿನ ಹಣವನ್ನೇ ನಂಬುವಂತಿಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಟಿಬೆಟನ್ನರ ಕಾರ್ಯಕ್ರಮಗಳಿಗೂ ಪೆಟ್ಟು ಬಿತ್ತು. ಆದ್ದರಿಂದ ಹೊರಗಿನ ನೆರವು ಸರ್ಕಾರದ ಕ್ಷಯ ಚಿಕಿತ್ಸೆಗೆ ಬಲ ಕೊಡುವಂತಿರಬೇಕು, ಕ್ಯಾಂಪು ಮತ್ತು ಹಳ್ಳಿ ಎರಡಕ್ಕೂ ತಲುಪಬೇಕು.

ನೀವು ಮಾಡಬೇಕಾದದ್ದು

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೇ ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ನಿಂತಿತೆಂದು ಮಾತ್ರೆ ಬಿಡಬೇಡಿ. ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಬೇರೆ ಊರಿಗೆ ದುಡಿಯಲು ಹೋಗುವವರು ಮೊದಲೇ ತಿಳಿಸಿದರೆ ಅಲ್ಲಿಯೇ ಔಷಧಿ ಸಿಗುವಂತೆ ವ್ಯವಸ್ಥೆ ಮಾಡುತ್ತಾರೆ.

ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಲಾಗಿದೆ. ರೋಗಿಯ ಜೊತೆ ಒಂದೇ ಮನೆಯಲ್ಲಿ ಇರುವವರೆಲ್ಲ, ಮುಖ್ಯವಾಗಿ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಬೇಕು.

ಕ್ಷಯ ಹರಡುವುದು ಗಾಳಿಯಿಂದ, ಅದೂ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಜೊತೆಗಿದ್ದಾಗ. ತಟ್ಟೆ ಲೋಟದಿಂದಲ್ಲ, ಕೈ ಕುಲುಕುವುದರಿಂದಲೂ ಅಲ್ಲ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ರೋಗಿಯನ್ನು, ಆತ ಲಾಮಾ ಆಗಿರಲಿ ಕೂಲಿಯವನಾಗಿರಲಿ, ದೂರ ಮಾಡಬೇಡಿ. ದೂರ ಮಾಡಿದರೆ ಆತ ಕೆಮ್ಮನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಕೆಮ್ಮು ಊರಿಗೂ ಕ್ಯಾಂಪಿಗೂ ಒಂದೇ ಅಪಾಯ.