ಕರಿಗುಡ್ಡ ಕರಗಿಸುವ ಒಲೆಗೆ ಕೂಲಿ ಎಷ್ಟು?

ಅಮೆರಿಕದ ಪೆನ್ಸಿಲ್ವೇನಿಯಾದ ಗಣಿ ಸೀಮೆಯಲ್ಲಿ ಊರಿನ ಹಿತ್ತಿಲಿಗೇ ಅಂಟಿಕೊಂಡ ಕಪ್ಪು ಗುಡ್ಡಗಳಿವೆ. ಒಳ್ಳೆಯ ಕಲ್ಲಿದ್ದಲನ್ನು ಆರಿಸಿ ಮಾರಿ, ಕಲ್ಲು–ಜೇಡಿ ಬೆರೆತ ಕಳಪೆಯನ್ನು ತಲೆಮಾರುಗಳ ಕಾಲ ಸುರಿದದ್ದರಿಂದ ಬೆಳೆದ ರಾಶಿಗಳಿವು. ಗಣಿ ಅಗೆದವರೇ ನೆಲವನ್ನು ಸರಿಪಡಿಸಬೇಕೆಂಬ ಒಕ್ಕೂಟ ಕಾನೂನು ಬಂದದ್ದು 1977ರಲ್ಲಿ. ಅಷ್ಟರಲ್ಲಿ ಎಷ್ಟೋ ಗಣಿಗಳು ಮುಚ್ಚಿಹೋಗಿದ್ದವು, ಅವುಗಳ ರಾಶಿಗಳಿಗೆ ವಾರಸುದಾರರೇ ಇರಲಿಲ್ಲ. ಮಳೆನೀರು ಇಳಿದಾಗ ಒಳಗಿನ ಪೈರೈಟ್, ಅಂದರೆ ಕಬ್ಬಿಣ–ಗಂಧಕದ ಖನಿಜ, ಗಾಳಿ–ನೀರಿನೊಡನೆ ಕೂಡಿ ಆಮ್ಲವಾಗುತ್ತದೆ. ಹಳ್ಳದ ತಳದ ಕಲ್ಲುಗಳಿಗೆ ಕಿತ್ತಳೆ ಬಣ್ಣದ ತುಕ್ಕು ಮೆತ್ತಿಕೊಳ್ಳುತ್ತದೆ, ಮೀನು ಉಳಿಯುವುದಿಲ್ಲ. ಕೆಲವು ರಾಶಿಗಳಂತೂ ತಾವಾಗಿಯೇ ಬೆಂಕಿ ಹಿಡಿದು ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡುತ್ತವೆ.

ಈ ಕಸವನ್ನೇ ಉರಿಸುವ ದಾರಿ ತೆರೆದದ್ದು ಒಂದು ಕಾನೂನು, ಒಂದು ಬಾಯ್ಲರ್. 1978ರ ‘ಪರ್ಪಾ’ ಕಾಯ್ದೆಯು, ಶಾಖ ಮತ್ತು ವಿದ್ಯುತ್ ಎರಡನ್ನೂ ಉತ್ಪಾದಿಸುವ ಘಟಕಗಳಿಂದಲೂ ತ್ಯಾಜ್ಯ ಉರಿಸುವ 80 ಮೆಗಾವಾಟ್‌ವರೆಗಿನ ಸ್ಥಾವರಗಳಿಂದಲೂ ವಿದ್ಯುತ್ ಕಂಪನಿಗಳು ಕರೆಂಟ್ ಕೊಳ್ಳಲೇಬೇಕೆಂದಿತು. ಇನ್ನು ಬಾಯ್ಲರ್‌ನದು, ತಳದಿಂದ ರಭಸವಾಗಿ ಗಾಳಿ ಊದಿ, ಪುಡಿಮಾಡಿದ ಇಂಧನ, ಬೂದಿ, ಸುಣ್ಣಕಲ್ಲುಗಳನ್ನು ಕುದಿಯುವ ನೀರಿನಂತೆ ಉಕ್ಕಿಸುತ್ತಾ ಸುತ್ತಿಸುವ ತಂತ್ರ. ಉರಿಯದ ಕಣ ಮತ್ತೆ ಮತ್ತೆ ಕುಲುಮೆಗೆ ಮರಳುವುದರಿಂದ ಅರ್ಧಕ್ಕರ್ಧ ಕಲ್ಲೇ ಇರುವ ಇಂಧನವೂ ಉರಿಯುತ್ತದೆ. ಉಷ್ಣತೆ 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುವುದರಿಂದ ಸುಣ್ಣಕಲ್ಲು ಗಂಧಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೋಜನ್ ಆಕ್ಸೈಡ್ ಕೂಡ ಕಡಿಮೆ. ಉಳಿಯುವ ಕ್ಷಾರಗುಣದ ಬೂದಿಯನ್ನು ರಾಶಿಯಿದ್ದ ಜಾಗಕ್ಕೇ ಹರಡಿದರೆ ಆಮ್ಲ ತಣಿಯುತ್ತದೆ.

ಹಾಗಾದರೆ ಇದು ಹಸಿರು ವಿದ್ಯುತ್ತೇ? ಅಲ್ಲ, ಹಾಗೆ ಕರೆಯುವುದರಿಂದಲೇ ಲೆಕ್ಕ ತಪ್ಪುತ್ತದೆ. ಕಳಪೆ ಇಂಧನದಿಂದ ಒಂದು ಯೂನಿಟ್ ತೆಗೆಯಲು ರಾಶಿಗಟ್ಟಲೆ ಸುಡಬೇಕು, ಕಾರ್ಬನ್ ಡೈಆಕ್ಸೈಡ್ ಧಾರಾಳವಾಗಿ ಹೊರಬೀಳುತ್ತದೆ. ರಾಶಿ ಹೇಗೂ ಉರಿದುಹೋಗುತ್ತಿತ್ತಲ್ಲ ಎಂಬ ಸಮರ್ಥನೆ ಬೆಂಕಿ ಹಿಡಿದ ಗುಡ್ಡಕ್ಕೆ ಒಪ್ಪುತ್ತದೆ, ತಣ್ಣಗೆ ಬಿದ್ದಿರುವ ಗುಡ್ಡಕ್ಕಲ್ಲ. ಬೂದಿಯಲ್ಲಿ ಭಾರಲೋಹಗಳಿರುವುದರಿಂದ ಅಂತರ್ಜಲದ ಮೇಲೆ ಕಣ್ಣಿಡಬೇಕೆಂಬ ಪರಿಸರವಾದಿಗಳ ಆಕ್ಷೇಪವೂ ನ್ಯಾಯವೇ. ಆದರೆ ಸುಡದೆ ಮಣ್ಣು ಮುಚ್ಚಿ ಹುಲ್ಲು ಬೆಳೆಸೋಣವೆಂದರೆ ಖರ್ಚೆಲ್ಲ ಸರ್ಕಾರದ ತಲೆಗೆ ಬೀಳುತ್ತದೆ. ವಾರಸುದಾರರಿಲ್ಲದ ಎಷ್ಟೋ ಕಡೆ ದಶಕಗಳ ಕಾಲ ಯಾರೂ ಆ ಖರ್ಚು ಹೊರಲಿಲ್ಲ. ಸ್ಥಾವರದ ನಿಜವಾದ ಬೆಲೆ ಇರುವುದು ಇಲ್ಲಿ: ಅದು ಜಾಡಮಾಲಿ, ವಿದ್ಯುತ್ತು ಅದರ ಕೂಲಿಯ ಒಂದು ಭಾಗ.

ಕೂಲಿ ಕೊಡುವ ರೀತಿಯಲ್ಲೇ ಪೆನ್ಸಿಲ್ವೇನಿಯಾ ಎಡವಿದೆ. ಅದರ 2004ರ ಕಾಯ್ದೆ ತ್ಯಾಜ್ಯ ಕಲ್ಲಿದ್ದಲನ್ನು ಪರ್ಯಾಯ ಇಂಧನಗಳ ಪಟ್ಟಿಗೆ ಸೇರಿಸಿತು. 2016ರಲ್ಲಿ, ಉರಿಸಿದ ಪ್ರತಿ ಟನ್ನಿಗೆ 4 ಡಾಲರ್ ತೆರಿಗೆ ರಿಯಾಯಿತಿ ಬಂತು. ಟನ್ನಿನ ಲೆಕ್ಕದಲ್ಲಿ ಹಣ ಸಿಗುವಾಗ ಹತ್ತಿರದ, ಹೆಚ್ಚು ಶಾಖ ಕೊಡುವ ರಾಶಿಗೇ ಕೈ ಹೋಗುವುದು ಸಹಜ. ಹಳ್ಳವನ್ನು ಅತಿ ಹೆಚ್ಚು ಕೆಡಿಸುತ್ತಿರುವ ಗುಡ್ಡ ಹಾಗೇ ಉಳಿಯಬಹುದು. ಅಲ್ಲಿನ ಇಂಥ ಸ್ಥಾವರಗಳಲ್ಲೊಂದಾದ ಸ್ಕ್ರಬ್‌ಗ್ರಾಸ್‌ನ ವಿದ್ಯುತ್ತು ಬಿಟ್‌ಕಾಯಿನ್ ಗಣಿಗಾರಿಕೆಗೆ ಹೋದಾಗ ಸಾರ್ವಜನಿಕ ಹಣ ಯಾವ ಹಿತಕ್ಕೆ ಎಂಬ ಪ್ರಶ್ನೆ ಎದ್ದದ್ದೂ ಟನ್ನಿಗೆ ಹಣ ಕೊಡುವ ಈ ರೀತಿಯಿಂದಲೇ. ಶಾಖದ ಮಾತೂ ಅಷ್ಟೆ. ಬರೀ ವಿದ್ಯುತ್ ತೆಗೆದರೆ ಇಂಧನದ ಅರ್ಧಕ್ಕಿಂತ ಹೆಚ್ಚು ಶಾಖ ವ್ಯರ್ಥ. ಅಂಥದೇ ಇನ್ನೊಂದಾದ ಫ್ರ್ಯಾಕ್‌ವಿಲ್ ಸ್ಥಾವರ ಕಾರಾಗೃಹಕ್ಕೆ ಹಬೆ ಕೊಟ್ಟಂತೆ ಪಕ್ಕದಲ್ಲೇ ಗಿರಾಕಿಯಿದ್ದರೆ ಸುಟ್ಟದ್ದಕ್ಕೆ ಹೆಚ್ಚು ಅರ್ಥವಿದೆ. ಆದ್ದರಿಂದ ನೆರವನ್ನು ಸುಟ್ಟ ಟನ್ನಿಗಲ್ಲ, ಹಸನಾದ ಎಕರೆಗೆ, ಸುಧಾರಿಸಿದ ಹಳ್ಳದ ನೀರಿಗೆ, ಬಳಕೆಯಾದ ಹಬೆಗೆ ಕೊಡಬೇಕು. ಯಾವ ರಾಶಿ ಮೊದಲೆಂದು ಸರ್ಕಾರವೇ ಗೊತ್ತುಮಾಡಬೇಕು. ಆ ರಾಶಿಗಳು ಮುಗಿದ ದಿನ ಸ್ಥಾವರವೂ ಮುಚ್ಚುತ್ತದೆಂಬ ಕರಾರು ಪರವಾನಗಿಯಲ್ಲೇ ಇರಬೇಕು.